ಮೇಷ್ಟ್ರೇ, ಆ ‘ಓಕೆ’ ಒತ್ತಬೇಡಿ

ರೇಡ್, ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ಬಳಸುವ ಏರ್ಪಾಡು, ಅದರ ಬಗ್ಗೆ ಬಂದ ಪ್ರಶ್ನೆಗಳಿಗೆಲ್ಲ ಈ ಸಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಇದೇ ಏಳೆಂಟು ಪ್ರಶ್ನೆಗಳು ಊರು ಬದಲಾಯಿಸಿಕೊಂಡು ಬರುತ್ತಲೇ ಇವೆ. ಅದರಲ್ಲೂ ಅರ್ಧಕ್ಕರ್ಧ ಜನ ಬರೆಯುವುದು ಎಲ್ಲ ಮಾಡಿ ಮುಗಿಸಿದ ಮೇಲೆ. ಫಾರ್ಮ್ಯಾಟ್ ಮಾಡಿಬಿಟ್ಟೆ, ಈಗೇನು ಮಾಡಲಿ ಅಂತ. ಅದನ್ನು ಓದುವಾಗ ನಿಜವಾಗಿ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಒಂದು ದಿನ ಮುಂಚೆ ಕೇಳಿದ್ದರೆ ಅಷ್ಟೂ ಉಳಿಯುತ್ತಿತ್ತು. ರೇಡ್ 0 ಅಂದ್ರೇನು, 1 ಅಂದ್ರೇನು, 5 ಅಂದ್ರೇನು ಅಂತ ಇಲ್ಲಿ ಒಂದು ಸಾಲಿಗಿಂತ ಜಾಸ್ತಿ ಬರೆಯುವುದಿಲ್ಲ: 0 ಫೈಲುಗಳನ್ನು ತುಂಡು ಮಾಡಿ ಡಿಸ್ಕ್‌ಗಳಿಗೆ ಹಂಚುತ್ತದೆ, 1 ಎರಡು ಡಿಸ್ಕಿನಲ್ಲೂ ಒಂದೇ ನಕಲು ಇಡುತ್ತದೆ, 5 ಹಂಚುವುದರ ಜೊತೆಗೆ ಒಂದು ಡಿಸ್ಕ್ ಹೋದರೂ ಅದರ ತುಂಡುಗಳನ್ನು ಮತ್ತೆ ಕಟ್ಟಲು ಬೇಕಾದ ಲೆಕ್ಕ (ಪ್ಯಾರಿಟಿ) ಇಡುತ್ತದೆ. ಮನೆಯಲ್ಲಿ ಕಟ್ಟಿಕೊಂಡವರಿಗೆ ಅಷ್ಟು ಗೊತ್ತಿರುತ್ತದೆ.

ಪ್ರಶ್ನೆ: ನಾನು ಸಾಗರದ ಹತ್ತಿರದ ನಿವೃತ್ತ ಶಾಲಾ ಮೇಷ್ಟ್ರು. ಹನ್ನೊಂದು ವರ್ಷದಿಂದ ನಮ್ಮ ಕಡೆಯ ಯಕ್ಷಗಾನದ ಆಟಗಳನ್ನು ವಿಡಿಯೋ ಮಾಡಿ ಇಟ್ಟುಕೊಂಡಿದ್ದೇನೆ. ಮನೆಯ ಕಂಪ್ಯೂಟರಿಗೆ 4 ಟಿಬಿಯ ಮೂರು ಡಿಸ್ಕ್ ಹಾಕಿಸಿ, ಮದರ್‌ಬೋರ್ಡಿನ ಇಂಟೆಲ್ ರೇಡ್ 5 ಮಾಡಿಸಿದ್ದೆ. ವಿಂಡೋಸ್ ಬೇರೆ ಎಸ್‌ಎಸ್‌ಡಿಯಲ್ಲಿದೆ. ಕಳೆದ ವಾರ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಆನ್ ಮಾಡಿದರೆ ವಿಂಡೋಸ್ ಬರುತ್ತದೆ, ಆದರೆ ಡಿ ಡ್ರೈವ್ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ‘ಇನಿಷಿಯಲೈಸ್ ಡಿಸ್ಕ್’ ಅಂತ ಕೇಳುತ್ತದೆ. ಪೇಟೆಯ ಅಂಗಡಿಯವರು ಮೂರೂ ಡಿಸ್ಕ್ ಹೋಗಿವೆ, ಫಾರ್ಮ್ಯಾಟ್ ಮಾಡಿ ಆಮೇಲೆ ಸಾಫ್ಟ್‌ವೇರ್ ಹಾಕಿ ತೆಗೆಯಬೇಕು, 18,000 ರೂಪಾಯಿ ಆಗುತ್ತದೆ ಎಂದರು. ಕೊಡಬಹುದೇ? ಇನ್ನೊಂದು ಸಣ್ಣ ತೊಂದರೆ: ಅವತ್ತಿನಿಂದ ಬ್ಯಾಂಕಿನ ವೆಬ್‌ಸೈಟೂ ತೆರೆಯುತ್ತಿಲ್ಲ, ಗಡಿಯಾರ 2018 ತೋರಿಸುತ್ತಿದೆ.

ಕೊಡಬೇಡಿ. ಮೊದಲು ಕಂಪ್ಯೂಟರ್ ಆಫ್ ಮಾಡಿ, ಆಮೇಲೆ ಮುಂದಿನದನ್ನು ಮೊಬೈಲಿನಲ್ಲಿ ಓದಿ.

ಮೇಷ್ಟ್ರೇ, ಸಣ್ಣ ತೊಂದರೆ ಅಂತ ನೀವು ಕೊನೆಗೆ ಸೇರಿಸಿದಿರಲ್ಲ, ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದುದು ಅದೇ. ಗಡಿಯಾರ 2018ಕ್ಕೆ ಹೋಗಿದೆ ಅಂದರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆ ಬ್ಯಾಟರಿ ಸತ್ತಿದೆ. ಸಿಆರ್ 2032 ಅಂತ ಅದರ ಮೇಲೇ ಬರೆದಿರುತ್ತದೆ. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಬೋರ್ಡಿಗೆ ಈ ಬ್ಯಾಟರಿಯ ಅಗತ್ಯ ಬೀಳುವುದಿಲ್ಲ, ಆಫ್ ಮಾಡಿಟ್ಟಿದ್ದರೂ ಗೋಡೆಯಿಂದ ಬರುವ ಸ್ವಲ್ಪ ಕರೆಂಟೇ ಗಡಿಯಾರ ನಡೆಸುತ್ತದೆ. ಹಾಗಾಗಿ ಬ್ಯಾಟರಿ ಯಾವತ್ತೋ ಸತ್ತಿರಬಹುದು, ಗೊತ್ತಾಗಿದ್ದು ಎರಡು ದಿನ ಕರೆಂಟ್ ಹೋದಾಗ. ತಾರೀಕು ತಪ್ಪಾದರೆ ಬ್ರೌಸರಿಗೆ ಬ್ಯಾಂಕಿನ ಸರ್ಟಿಫಿಕೇಟ್ ಸರಿ ಕಾಣುವುದಿಲ್ಲ, ಅದಕ್ಕೇ ವೆಬ್‌ಸೈಟ್ ತೆರೆಯುತ್ತಿಲ್ಲ. ಮತ್ತು ಎಷ್ಟೋ ಬೋರ್ಡ್‌ಗಳಲ್ಲಿ ಈ ಬ್ಯಾಟರಿ ಸತ್ತರೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ಸ್ವಂತ ಸಾಫ್ಟ್‌ವೇರ್) ಸೆಟ್ಟಿಂಗ್‌ಗಳೆಲ್ಲ ಕಂಪನಿಯಿಂದ ಬಂದಾಗ ಹೇಗಿದ್ದವೋ ಹಾಗೆ ಆಗಿಬಿಡುತ್ತವೆ. ಕಂಪನಿಯಿಂದ ಬರುವಾಗ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್‌ಗಳನ್ನು ಹೇಗೆ ನೋಡಬೇಕು ಅನ್ನುವ ಸೆಟ್ಟಿಂಗ್, ಸಾಮಾನ್ಯವಾಗಿ ಇರುವುದು ಎಎಚ್‌ಸಿಐ ಅಂತ, ಅದರಲ್ಲಿ ಒಂದೊಂದು ಡಿಸ್ಕೂ ಬೇರೆಬೇರೆ. ನಿಮಗೆ ಬೇಕಾದದ್ದು ರೇಡ್.

ಅಷ್ಟೇ ಆಗಿರುವುದು. ಮೂರು ಡಿಸ್ಕ್‌ಗಳನ್ನು ಒಂದು ಅಂತ ನೋಡಬೇಕು ಎನ್ನುವುದು ಬೋರ್ಡಿಗೆ ಮರೆತುಹೋಗಿದೆ, ಅದು ಮೂರನ್ನೂ ಬಿಡಿಬಿಡಿಯಾಗಿ ವಿಂಡೋಸ್‌ಗೆ ಕೊಡುತ್ತಿದೆ. ಒಂದೊಂದು ಡಿಸ್ಕಿನಲ್ಲೂ ಇರುವುದು ನಿಮ್ಮ ಫೈಲುಗಳ ತುಂಡುಗಳು ಮತ್ತು ಪ್ಯಾರಿಟಿ. ವಿಂಡೋಸ್‌ಗೆ ಅದರ ತಲೆಬುಡ ತಿಳಿಯುವುದಿಲ್ಲ, ಹಾಗಾಗಿ ಹೊಸ ಖಾಲಿ ಡಿಸ್ಕ್ ಬಂದಿದೆ ಅಂದುಕೊಂಡು ಇನಿಷಿಯಲೈಸ್ ಮಾಡಲಾ ಅಂತ ಕೇಳುತ್ತದೆ. ಸಿಡಿಲಿಗೆ ಮೂರೂ ಹೋಗಿರಬಹುದಲ್ವಾ ಅಂತ ನೀವು ಕೇಳಬಹುದು. ಹೋಗಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅವು ಕಾಣಿಸುತ್ತಲೇ ಇರಲಿಲ್ಲ. ಅಲ್ಲಿ ಮೂರರ ಮುಂದೆಯೂ 3726 ಜಿಬಿ (4 ಟಿಬಿಯನ್ನು ವಿಂಡೋಸ್ ತೋರಿಸುವುದು ಹೀಗೆ) ಅಂತ ಇದ್ದರೆ ಡಿಸ್ಕ್‌ಗಳು ಉಸಿರಾಡುತ್ತಿವೆ ಅಂತಲೇ ಲೆಕ್ಕ.

ಈಗ ಆ ‘ಓಕೆ’ ಗುಂಡಿಯ ವಿಷಯ. ಆ ಪೆಟ್ಟಿಗೆಯಲ್ಲಿ ಎರಡು ಆಯ್ಕೆ ಇರುತ್ತದೆ, ಎಂಬಿಆರ್ ಮತ್ತು ಜಿಪಿಟಿ, ಡಿಸ್ಕನ್ನು ಹೇಗೆ ಭಾಗ ಮಾಡಿದೆ ಅನ್ನುವ ಪಟ್ಟಿ ಬರೆಯುವ ಎರಡು ವಿಧಾನಗಳು. ದೊಡ್ಡ ಡಿಸ್ಕಿಗೆ ಜಿಪಿಟಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ಎಲ್ಲರೂ ಅದನ್ನೇ ಒತ್ತುತ್ತಾರೆ. ಆದರೆ ಜಿಪಿಟಿ ತನ್ನ ಪಟ್ಟಿಯನ್ನು ಡಿಸ್ಕಿನ ಶುರುವಿನಲ್ಲಿ ಬರೆದು, ಅದರ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕಟ್ಟಕಡೆಯಲ್ಲೂ ಬರೆಯುತ್ತದೆ. ಇಂಟೆಲ್ ರೇಡ್ ತನ್ನ ಗುರುತನ್ನು, ಅಂದರೆ ಇದು ಯಾವ ಗುಂಪಿನ ಎಷ್ಟನೇ ಡಿಸ್ಕ್, ಸ್ಟ್ರೈಪ್ (ಡಿಸ್ಕ್‌ಗಳಿಗೆ ಸರದಿಯಲ್ಲಿ ಬರೆಯುವ ಒಂದೊಂದು ತುಂಡು) ಎಷ್ಟು ದೊಡ್ಡದು ಅನ್ನುವುದನ್ನೆಲ್ಲ ಇಟ್ಟಿರುವುದೂ ಅದೇ ಕೊನೆಯ ಕೆಲವು ಸೆಕ್ಟರ್‌ಗಳಲ್ಲಿ, ಅಂದರೆ ಡಿಸ್ಕಿನ ಅತಿ ಸಣ್ಣ ಭಾಗಗಳಲ್ಲಿ. ಒಂದು ಕ್ಲಿಕ್ಕಿಗೆ ಆ ಗುರುತು ಅಳಿಸಿಹೋಗುತ್ತದೆ. ಆಮೇಲೆ ಬಯೋಸ್ ಸರಿ ಮಾಡಿದರೂ ಬೋರ್ಡಿಗೆ ಆ ಡಿಸ್ಕ್ ತನ್ನದು ಅಂತ ಗೊತ್ತಾಗುವುದಿಲ್ಲ. ‘ಫಾರ್ಮ್ಯಾಟ್ ಮಾಡಿ ಆಮೇಲೆ ತೆಗೆಯುತ್ತೇವೆ’ ಅನ್ನುವವರ ಕೈಗೆ ಡಿಸ್ಕ್ ಕೊಟ್ಟರೆ ಅವರು ಮೊದಲು ಮಾಡುವ ಕೆಲಸವೇ ಇದು. ಡೇಟಾ ತೆಗೆಯುವ ಮೊದಲು ಡಿಸ್ಕ್ ಮೇಲೆ ಏನನ್ನಾದರೂ ಬರೆಯಬೇಕು ಅನ್ನುವವನಿಗೆ ಈ ಕೆಲಸ ಗೊತ್ತಿಲ್ಲ. ಊರಿನವರೇ ಆಗಲಿ, ಪರಿಚಯದವರೇ ಆಗಲಿ, ಅಲ್ಲಿಂದ ಎದ್ದು ಬನ್ನಿ.

ನೀವು ಮಾಡಬೇಕಾದದ್ದು ಇಷ್ಟು. ಪ್ಲಗ್ ತೆಗೆದು ಕ್ಯಾಬಿನೆಟ್ ಬಿಚ್ಚಿ. ಹಳೆಯ ಬ್ಯಾಟರಿಯ ಪಕ್ಕದ ಸಣ್ಣ ಕ್ಲಿಪ್ಪನ್ನು ಉಗುರಿನಿಂದ ಒತ್ತಿದರೆ ಅದು ಚಿಮ್ಮಿ ಬರುತ್ತದೆ. ಮಲ್ಟಿಮೀಟರ್ ಇದ್ದರೆ ನೋಡಿ, 3 ವೋಲ್ಟ್ ಇರಬೇಕಾದ್ದು 2 ಚಿಲ್ಲರೆಗೆ ಇಳಿದಿರುತ್ತದೆ. ಹೊಸದು 40-50 ರೂಪಾಯಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಸ್ ಮೇಲೆ ಬರುವ ಹಾಗೆ ಹಾಕಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ತಾರೀಕು ಸರಿ ಮಾಡಿ, ಸಾಟಾ ಮೋಡ್ ಹುಡುಕಿ ರೇಡ್‌ಗೆ ಬದಲಾಯಿಸಿ. ಕೆಲವು ಬೋರ್ಡ್‌ಗಳಲ್ಲಿ ರೇಡ್ ಅನ್ನುವ ಪದವೇ ಇರುವುದಿಲ್ಲ, ಇಂಟೆಲ್ ಆರ್‌ಎಸ್‌ಟಿ ಪ್ರೀಮಿಯಂ ಅಂತ ಉದ್ದನೆಯ ಹೆಸರಿರುತ್ತದೆ, ಅದೇ ಇದು. ಎಸ್‌ಎಸ್‌ಡಿಯನ್ನೂ ರೇಡ್‌ಗೆ ಸೇರಿಸುವ ಆಯ್ಕೆ ಅಲ್ಲೇ ಕಂಡರೆ ಅದನ್ನು ಮುಟ್ಟಬೇಡಿ, ವಿಂಡೋಸ್ ಬರದೇ ಹೋಗಬಹುದು. ಸೇವ್ ಮಾಡಿ, ಮತ್ತೆ ಬಯೋಸ್‌ಗೇ ವಾಪಸ್ ಬನ್ನಿ. ಈಗ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಅಂತ ಹೊಸ ಮೆನು ಬಂದಿರುತ್ತದೆ. ಅದರೊಳಗೆ ನಿಮ್ಮ ವಾಲ್ಯೂಮಿನ (ಮೂರೂ ಸೇರಿ ಆದ ಒಂದು ಡ್ರೈವಿನ) ಹೆಸರು, ಪಕ್ಕದಲ್ಲಿ ನಾರ್ಮಲ್ ಅಂತ ಇದ್ದರೆ ಕೆಲಸ ಮುಗಿಯಿತು. ಅಲ್ಲಿ ‘ರೀಸೆಟ್ ಟು ನಾನ್-ರೇಡ್’ ಮತ್ತು ‘ಡಿಲೀಟ್ ವಾಲ್ಯೂಮ್’ ಅಂತ ಎರಡು ಆಯ್ಕೆ ಇರುತ್ತವೆ. ಅವೆರಡರ ಹತ್ತಿರ ಹೋಗಬೇಡಿ. ಮೊದಲನೆಯದರ ಹೆಸರು ನೋಡಿ ರಿಪೇರಿ ಆಯ್ಕೆ ಅಂದುಕೊಂಡವರು ನನಗೆ ಗೊತ್ತಿದ್ದಂತೆ ಮೂವರಿದ್ದಾರೆ. ಅದು ಗುರುತು ಅಳಿಸುವ ಆಯ್ಕೆ.

ನಾರ್ಮಲ್ ಬದಲು ಡಿಗ್ರೇಡೆಡ್ ಅಂತ ಬಂದರೆ? ಅಂದರೆ ಮೂರರಲ್ಲಿ ಒಂದು ಡಿಸ್ಕ್ ಗುಂಪಿನಿಂದ ಹೊರಗೆ ಬಿದ್ದಿದೆ, ಉಳಿದ ಎರಡರಿಂದ ಡೇಟಾ ಪೂರ್ತಿ ಸಿಗುತ್ತದೆ, ಆದರೆ ಇನ್ನೊಂದು ಹೋದರೆ ಏನೂ ಇಲ್ಲ. ಜನ ಡೇಟಾ ಕಳೆದುಕೊಳ್ಳುವುದು ಜಾಸ್ತಿ ಇಲ್ಲಿಯೇ. ಸ್ಕ್ರೀನ್ ರೀಬಿಲ್ಡ್ ಮಾಡು ಅನ್ನುತ್ತದೆ, ಇವರು ಮಾಡುತ್ತಾರೆ. ರೀಬಿಲ್ಡ್ ಅಂದರೆ ಉಳಿದ ಎರಡು ಡಿಸ್ಕ್‌ಗಳನ್ನು ಮೊದಲ ಸೆಕ್ಟರ್‌ನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಓದುವುದು. 4 ಟಿಬಿಗೆ ಸೆಕೆಂಡಿಗೆ 150 ಎಂಬಿ ಲೆಕ್ಕ ಹಾಕಿದರೂ ಏಳೂವರೆ ಗಂಟೆ, ಮನೆಯ ಕಂಪ್ಯೂಟರಿನಲ್ಲಿ ಅದಕ್ಕಿಂತ ಜಾಸ್ತಿಯೇ. ಮೂರನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿರುತ್ತೀರಿ, ಮೂರಕ್ಕೂ ಒಂದೇ ವಯಸ್ಸು. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಎರಡನೇ ಡಿಸ್ಕಿಗೂ ಓದಲಾಗದ ಸೆಕ್ಟರ್ ಇದ್ದರೆ ಅದು ಹೊರಗೆ ಬರುವುದು ಆ ಏಳೂವರೆ ಗಂಟೆಯಲ್ಲಿ.

ಹಾಗಾಗಿ ನನ್ನ ಕ್ರಮ ಬೇರೆ. ಇದು ಅತಿ ಎಚ್ಚರಿಕೆ ಅನ್ನುವವರಿದ್ದಾರೆ, ಅನ್ನಲಿ. ಡಿಗ್ರೇಡೆಡ್ ಆಗಿರುವಾಗಲೇ ಡೇಟಾವನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ನಿಮ್ಮ ವಾಲ್ಯೂಮ್ 8 ಟಿಬಿ, ಹೊರಗಿನದೂ 8 ಟಿಬಿ ಕೊಳ್ಳಿ. ಮೊದಲು ಮತ್ತೆಲ್ಲೂ ಸಿಗದ ಆಟಗಳು. ಈಗ ನಮ್ಮೊಂದಿಗಿಲ್ಲದ ಭಾಗವತರು, ವೇಷಧಾರಿಗಳು ಇರುವ ರಾತ್ರಿಗಳನ್ನು ಮೊದಲು ತೆಗೆಯಿರಿ, ಯೂಟ್ಯೂಬಿನಲ್ಲಿ ಇರುವುದು ಕೊನೆಗೆ. ಕಾಪಿ ಮುಗಿಯುವವರೆಗೆ ಹೊರಬಿದ್ದ ಡಿಸ್ಕಿನ ಕೇಬಲ್ ಹಾಕಲೇಬೇಡಿ. ಯಾಕೆಂದರೆ ಇಂಟೆಲ್ ರೇಡ್‌ನಲ್ಲಿ ಕಾಣೆಯಾಗಿದ್ದ ಡಿಸ್ಕ್ ವಾಪಸ್ ಬಂದರೆ ವಿಂಡೋಸ್ ಒಳಗೆ ಹೋದ ಮೇಲೆ ರೀಬಿಲ್ಡ್ ತಾನಾಗಿಯೇ ಶುರುವಾಗಬಹುದು. ನಿಮ್ಮನ್ನು ಕೇಳುವುದಿಲ್ಲ.

ಹೊರಬಿದ್ದ ಡಿಸ್ಕನ್ನು ಯುಎಸ್‌ಬಿ ಡಾಕ್‌ಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ಲೆಕ್ಕ ತೋರಿಸುವ ಸಾಫ್ಟ್‌ವೇರ್) ತೆರೆದು ನೋಡಿ. ಅಲ್ಲೂ ಇನಿಷಿಯಲೈಸ್ ಕೇಳಿದರೆ ಕ್ಯಾನ್ಸಲ್. ನಾನು ನೋಡುವುದು ನಾಲ್ಕೇ ಸಾಲು: 05, ಸಿ5, ಸಿ6, ಸಿ7. ಮೊದಲ ಮೂರು ಕೆಟ್ಟ ಸೆಕ್ಟರ್‌ಗಳ ಲೆಕ್ಕ, ಸಿ7 ಕೇಬಲ್ ದಾರಿಯಲ್ಲಿ ಆದ ತಪ್ಪುಗಳದ್ದು. ಮೊದಲ ಮೂರು ಸೊನ್ನೆ ಇದ್ದು ಸಿ7 ಮಾತ್ರ ಏರಿದ್ದರೆ ಡಿಸ್ಕ್ ಚೆನ್ನಾಗಿದೆ, ತೊಂದರೆ ಇರುವುದು ಸಾಟಾ ಕೇಬಲ್‌ನಲ್ಲಿ. ಇದು ತುಂಬಾ ಸಾಮಾನ್ಯ. ಒಂದು ಮನೆಯಲ್ಲಿ ನೋಡಿದ್ದೆ, ಕ್ಯಾಬಿನೆಟ್ಟಿನ ಬದಿಯ ತಗಡು ಮುಚ್ಚುವಾಗ ಕೇಬಲ್ಲಿನ ಕುತ್ತಿಗೆ ಅಡ್ಡ ಮಡಚಿಕೊಳ್ಳುತ್ತಿತ್ತು, ಲಾಕ್ ಕ್ಲಿಪ್ ಕೂಡ ಇರಲಿಲ್ಲ. ಫ್ಯಾನ್ ನಡುಗಿದಂತೆಲ್ಲ ಕನೆಕ್ಟರ್ ಕೂದಲೆಳೆಯಷ್ಟು ಜಾರುತ್ತಿತ್ತು. ಆ ಮನೆಯವರು ಅದಕ್ಕೆ ಮುಂಚೆ ಎರಡು ಹೊಸ ಡಿಸ್ಕ್ ಕೊಂಡಿದ್ದರು. ಸಿ7ರ ಲೆಕ್ಕ ಕೇಬಲ್ ಬದಲಿಸಿದರೂ ಸೊನ್ನೆಗೆ ಇಳಿಯುವುದಿಲ್ಲ, ಅಲ್ಲೇ ನಿಂತಿದೆಯಾ ಅಂತ ಮಾತ್ರ ನೋಡಿ. 05 ಮತ್ತು ಸಿ5 ಏರಿದ್ದರೆ ಮಾತ್ರ ಆ ಡಿಸ್ಕಿಗೆ ಕೈ ಮುಗಿದು ಹೊಸದು ತನ್ನಿ.

ಡಿಸ್ಕ್ ಬಿಚ್ಚುವಾಗ ಪೋರ್ಟ್ ನಂಬರ್ ನಂಬಬೇಡಿ, ಸೀರಿಯಲ್ ನಂಬರ್ ನೋಡಿ. ಇಂಟೆಲ್ ಮೆನುವಿನಲ್ಲೂ ಇರುತ್ತದೆ, ಡಿಸ್ಕಿನ ಲೇಬಲ್ ಮೇಲೂ ಇರುತ್ತದೆ. ನಾನು ಕೊನೆಯ ನಾಲ್ಕು ಅಕ್ಷರವನ್ನು ಕಾಗದದ ಟೇಪಿನ ಮೇಲೆ ಮಾರ್ಕರಿನಿಂದ ಬರೆದು ಡಿಸ್ಕಿನ ಹಿಂಬದಿಗೆ ಅಂಟಿಸುತ್ತೇನೆ, ಕ್ಯಾಬಿನೆಟ್ ಒಳಗೆ ಕೂತಾಗ ಕಾಣುವುದು ಅದೊಂದೇ ಬದಿ. ಕೆಲವು ವರ್ಷದ ಹಿಂದೆ ನೆಂಟರ ಮನೆಯಲ್ಲಿ ‘ಪೋರ್ಟ್ 1’ ಅಂತ ಬಂದದ್ದನ್ನು ನಾನು ಮೊದಲನೆಯದು ಅಂದುಕೊಂಡು ಎಳೆದೆ. ಆ ಬೋರ್ಡಿನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ಚೆನ್ನಾಗಿದ್ದ ಡಿಸ್ಕ್ ಕೈಗೆ ಬಂತು, ವಾಲ್ಯೂಮ್ ಬಿದ್ದುಹೋಯಿತು. ಮೂರು ದಿನ ಕೂತು ಬಹುಪಾಲು ತೆಗೆದೆ, ಅವರ ಮಗಳ ನಾಮಕರಣದ ಫೋಲ್ಡರ್ ಮಾತ್ರ ಬರಲಿಲ್ಲ. ಆ ಹುಡುಗಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ನನಗೆ ಇನ್ನೂ ಮರೆತಿಲ್ಲ.

ಇನ್ನೊಂದು ವಿಷಯ, ಚೆಕ್‌ಡಿಸ್ಕ್. ಡಿಗ್ರೇಡೆಡ್ ವಾಲ್ಯೂಮಿನ ಮೇಲೆ ಅದನ್ನು ಓಡಿಸಬೇಡಿ. ಅದು ಫೈಲ್ ಸಿಸ್ಟಮ್ಮಿನ ಪಟ್ಟಿಯನ್ನು ಸರಿಹೊಂದಿಸುವ ಸಾಧನ. ತನಗೆ ಅರ್ಥವಾಗದ ನಮೂದುಗಳನ್ನು ಕಿತ್ತು ಹಾಕುತ್ತದೆ, ನಿಮ್ಮ ಫೈಲ್ ಉಳಿಸುವುದು ಅದರ ಕೆಲಸ ಅಲ್ಲ. ವಿಂಡೋಸ್ ಶುರುವಾಗುವಾಗ ತಾನೇ ಓಡಿಸಲು ಹೊರಟರೆ ಯಾವುದಾದರೂ ಕೀಲಿ ಒತ್ತಿ ನಿಲ್ಲಿಸಿ.

ಈಗಾಗಲೇ ‘ಓಕೆ’ ಒತ್ತಿಬಿಟ್ಟವರಿಗೆ: ಫಾರ್ಮ್ಯಾಟ್ ಆಗಿಲ್ಲದಿದ್ದರೆ ಡೇಟಾ ಬಹುತೇಕ ಅಲ್ಲೇ ಇದೆ, ಹೋಗಿರುವುದು ಗುರುತು. ಮೂರೂ ಡಿಸ್ಕ್‌ಗಳ ಪೂರ್ತಿ ಪ್ರತಿ ಮಾಡಿಕೊಂಡು, ಆ ಪ್ರತಿಗಳ ಮೇಲೆ ಆರ್-ಸ್ಟುಡಿಯೋ ಅಥವಾ ಯುಎಫ್‌ಎಸ್ ಎಕ್ಸ್‌ಪ್ಲೋರರ್ ತರಹದ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್‌ಗಳ ಕ್ರಮ ಮತ್ತು ಸ್ಟ್ರೈಪ್ ಅಳತೆ ಕೊಟ್ಟು ಜೋಡಿಸಿ ನೋಡಬಹುದು. ಓದಲು ಕಷ್ಟಪಡುವ ಡಿಸ್ಕಿದ್ದರೆ ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ ಪ್ರತಿ ಮಾಡಿ. ಅದು ಸುಲಭವಾಗಿ ಬರುವ ಭಾಗವನ್ನು ಮೊದಲು ತೆಗೆದು, ಹಟ ಮಾಡುವ ಸೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಮೂಲ ಡಿಸ್ಕ್‌ಗಳ ಮೇಲೆ ಏನನ್ನೂ ಪ್ರಯೋಗ ಮಾಡಬೇಡಿ.

ಎರಡು ಡಿಸ್ಕಿನ ಮಿರರ್ (ರೇಡ್ 1) ಇಟ್ಟುಕೊಂಡವರಿಗೆ ಇದೇ ಬ್ಯಾಟರಿ ಸತ್ತರೆ ಆಗುವುದು ಬೇರೆ, ಮತ್ತು ನನ್ನ ಪ್ರಕಾರ ಇನ್ನೂ ಕೆಟ್ಟದ್ದು. ಎಎಚ್‌ಸಿಐನಲ್ಲಿ ಎರಡೂ ಡಿಸ್ಕ್ ಪೂರ್ತಿ ಸರಿಯಾಗಿ ಓದುತ್ತವೆ. ಒಂದನ್ನು ವಿಂಡೋಸ್ ನಕಲು ಅಂತ ಆಫ್‌ಲೈನ್ ಮಾಡುತ್ತದೆ, ಇನ್ನೊಂದರಲ್ಲಿ ನೀವು ಏನೂ ಗೊತ್ತಾಗದೆ ಒಂದು ತಿಂಗಳು ಕೆಲಸ ಮಾಡುತ್ತೀರಿ. ಆಮೇಲೆ ಯಾರೋ ಬಯೋಸ್‌ನಲ್ಲಿ ರೇಡ್ ಆನ್ ಮಾಡುತ್ತಾರೆ. ಎರಡೂ ಒಂದೇ ಅಂತ ಬೋರ್ಡ್ ನಂಬುತ್ತದೆ, ಒಂದು ತುಂಡು ಇಲ್ಲಿಂದ ಒಂದು ತುಂಡು ಅಲ್ಲಿಂದ ಓದುತ್ತದೆ, ಫೈಲುಗಳು ಹಾಳಾಗಲು ಶುರು. ಹಾಗಾಗಿ ಮಿರರ್ ಇದ್ದವರು ರೇಡ್ ಆನ್ ಮಾಡುವ ಮೊದಲೇ ಹೊಸ ಕೆಲಸ ಇರುವ ಡಿಸ್ಕಿನ ಪೂರ್ತಿ ಕಾಪಿ ಹೊರಗೆ ತೆಗೆದಿಡಿ. ಬಯೋಸ್ ಅಪ್‌ಡೇಟ್ ಮಾಡಿದಾಗಲೂ ಈ ಸೆಟ್ಟಿಂಗ್ ಹೀಗೇ ಹಾರಿಹೋಗುವುದುಂಟು.

ಪ್ರಶ್ನೆ: ಬೆಂಗಳೂರಿನಿಂದ. ರೇಡ್ 1 ಇದೆ. ಆದರೂ ಬ್ಯಾಕಪ್ ಬೇಕಾ?

ಬೇಕು. ನೀವು ತಪ್ಪಿ ಡಿಲೀಟ್ ಮಾಡಿದರೆ ಅದೇ ಕ್ಷಣ ಎರಡೂ ಡಿಸ್ಕಿನಲ್ಲಿ ಡಿಲೀಟ್ ಆಗುತ್ತದೆ. ವೈರಸ್ ಬಂದು ಫೈಲುಗಳಿಗೆ ಬೀಗ ಹಾಕಿದರೂ ಎರಡಕ್ಕೂ ಹಾಕುತ್ತದೆ. ಕ್ಯಾಬಿನೆಟ್ ಕಳುವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಅಂತ ಮಾಡಿದ್ದು ರೇಡ್, ಅಷ್ಟೇ. ಈ ಪ್ರಶ್ನೆಯನ್ನು ದಯವಿಟ್ಟು ಇನ್ನು ಕಳಿಸಬೇಡಿ.

ಪ್ರಶ್ನೆ: ದಾವಣಗೆರೆಯಿಂದ. ರೇಡ್ 0ರಲ್ಲಿ ಒಂದು ಡಿಸ್ಕ್ ಸತ್ತಿದೆ. ಇನ್ನೊಂದರಿಂದ ಅರ್ಧ ಫೋಟೋ ಆದರೂ ಸಿಗುತ್ತದಾ?

ಇಲ್ಲ. ಸ್ಟ್ರೈಪ್ 128 ಕೆಬಿ ಇದ್ದರೆ ಅದಕ್ಕಿಂತ ದೊಡ್ಡ ಪ್ರತಿ ಫೈಲೂ ಎರಡು ಡಿಸ್ಕಿಗೆ ಹರಿದು ಹಂಚಿದೆ. ಸತ್ತ ಡಿಸ್ಕನ್ನೇ ಲ್ಯಾಬ್‌ಗೆ ಕಳಿಸಿ, ಜೊತೆಗೆ ಚೆನ್ನಾಗಿರುವುದನ್ನೂ ಕಳಿಸಿ.

ಪ್ರಶ್ನೆ: ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದಂತೆ, ನಿಜವೇ?

ಬೇಡ. ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕೂರುತ್ತದೆ, ಡೇಟಾ ಇರುವ ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಾ ಓದುವ ಹೆಡ್ ಅದಕ್ಕೆ ಹೋಗಿ ಬಡಿಯುತ್ತದೆ.

ಪ್ರಶ್ನೆ: ಡಿಸ್ಕ್ ಟಕ್ ಟಕ್ ಅನ್ನುತ್ತಿದೆ. ಯಾವ ಸಾಫ್ಟ್‌ವೇರ್ ಹಾಕಲಿ?

ಯಾವುದೂ ಬೇಡ. ಈಗಲೇ ಆಫ್ ಮಾಡಿ, ಕ್ಲೀನ್ ರೂಮ್ ಇರುವ ಲ್ಯಾಬ್‌ಗೆ ಕೊಡಿ. ಮುಚ್ಚಳ ಬಿಚ್ಚಿ ನೋಡುವುದೂ ಬೇಡ.

ಪ್ರಶ್ನೆ: ಹುಬ್ಬಳ್ಳಿಯಿಂದ. ಮದರ್‌ಬೋರ್ಡೇ ಸುಟ್ಟುಹೋಗಿದೆ. ಇಂಟೆಲ್ ರೇಡ್‌ನಲ್ಲಿದ್ದ ಡಿಸ್ಕ್‌ಗಳ ಗತಿ?

ಹೆದರಬೇಡಿ, ಗುರುತು ಇರುವುದು ಡಿಸ್ಕಿನಲ್ಲಿ, ಬೋರ್ಡಿನಲ್ಲಿ ಅಲ್ಲ. ಇಂಟೆಲ್ ರೇಡ್ ಇರುವ ಇನ್ನೊಂದು ಬೋರ್ಡಿಗೆ ಹಾಕಿ, ಅಥವಾ ಪೆನ್‌ಡ್ರೈವಿನಿಂದ ಉಬುಂಟು ಶುರು ಮಾಡಿ. ಲಿನಕ್ಸಿನ ರೇಡ್ ಸಾಧನ ಎಂಡಿಎಡಿಎಂಗೆ ಇಂಟೆಲ್ ಗುರುತು ಓದಲು ಬರುತ್ತದೆ. ಅದರಲ್ಲಿ ಅಸೆಂಬಲ್ ಅನ್ನುವ ಆಜ್ಞೆ ಮಾತ್ರ ಬಳಸಿ, ಕ್ರಿಯೇಟ್ ಬೇಡ.

ಪ್ರಶ್ನೆ: ಉಡುಪಿಯಿಂದ. ಲಿನಕ್ಸ್ ರೇಡ್ 5. ತಿಂಗಳಿಗೊಮ್ಮೆ ಒಂದು ಡಿಸ್ಕ್ ಹೊರಗೆ ಬೀಳುತ್ತದೆ. ಸ್ಮಾರ್ಟ್ ಚೆನ್ನಾಗಿದೆ, ಕೇಬಲ್ ಬದಲಿಸಿದ್ದೇನೆ.

ಇದು ಒಳ್ಳೆಯ ಪ್ರಶ್ನೆ. ಸಾದಾ ಡೆಸ್ಕ್‌ಟಾಪ್ ಡಿಸ್ಕ್ ಹಾಕಿರುತ್ತೀರಿ. ಓದಲು ಕಷ್ಟವಾದ ಸೆಕ್ಟರ್ ಸಿಕ್ಕರೆ ಅಂಥ ಡಿಸ್ಕ್ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಪ್ರಯತ್ನ ಮಾಡುತ್ತಾ ಸುಮ್ನೆ ಕೂರಬಹುದು. ಲಿನಕ್ಸ್ 30 ಸೆಕೆಂಡ್ ಕಾದು, ಉತ್ತರ ಬರಲಿಲ್ಲ ಅಂತ ಅದನ್ನು ರೀಸೆಟ್ ಮಾಡುತ್ತದೆ, ಡಿಸ್ಕ್ ಗುಂಪಿನಿಂದ ಹೊರಗೆ. ನಾಸ್‌ಗೆ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆಗೆ) ಅಂತ ಮಾರುವ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಕೈಚೆಲ್ಲಿ ಓದಲಾಗಲಿಲ್ಲ ಅಂತ ಹೇಳಿಬಿಡುತ್ತವೆ, ಆಗ ಲಿನಕ್ಸ್ ಪ್ಯಾರಿಟಿಯಿಂದ ಆ ತುಂಡನ್ನು ತುಂಬಿಸಿಕೊಳ್ಳುತ್ತದೆ. ನಿಮ್ಮ ಡಿಸ್ಕಿಗೆ ಈ ಸೌಲಭ್ಯ ಇದೆಯಾ ಅಂತ ಸ್ಮಾರ್ಟ್‌ಸಿಟಿಎಲ್ ಅನ್ನುವ ಆಜ್ಞೆಯಲ್ಲಿ ನೋಡಿ, ಇದ್ದರೆ 7 ಸೆಕೆಂಡಿಗೆ ಇಡಿ. ಆಫ್ ಮಾಡಿ ಆನ್ ಮಾಡಿದಾಗ ಡಿಸ್ಕ್ ಅದನ್ನು ಮರೆಯಬಹುದು, ಹಾಗಾಗಿ ಪ್ರತಿ ಬೂಟಿನಲ್ಲೂ ಓಡುವ ಹಾಗೆ ಬರೆದಿಡಿ. ಇಲ್ಲದಿದ್ದರೆ ಲಿನಕ್ಸಿನ ಕಾಯುವ ಸಮಯವನ್ನು 180 ಸೆಕೆಂಡಿಗೆ ಏರಿಸಿ.

ಅದೂ ಅಲ್ಲದಿದ್ದರೆ ಡಿಸ್ಕ್ ಎಸ್‌ಎಂಆರ್ ಇರಬಹುದು. ನಿಮ್ಮ ಕಡೆಯ ಹಂಚಿನ ಮಾಡಿನ ಹಾಗೆ ಅದರ ಟ್ರ್ಯಾಕ್‌ಗಳು ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ಒಂದು ಹಂಚು ಬದಲಿಸಲು ಮೇಲಿನ ಸಾಲು ಎತ್ತಬೇಕಲ್ವಾ, ಇಲ್ಲೂ ಅಷ್ಟೇ, ರೀಬಿಲ್ಡ್ ಆಗುವಾಗ ಬರೆಯುವ ವೇಗ ಕುಸಿದು ಡಿಸ್ಕ್ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಇದು ಇದೆ ಅಂತ ಗೊತ್ತಾಗಿ ದೊಡ್ಡ ಗಲಾಟೆಯಾಯಿತು, ಆಮೇಲೆ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದ ವಿಧಾನ) ಇರುವವಕ್ಕೆ ರೆಡ್ ಪ್ಲಸ್ ಅಂತ ಹೆಸರಿಟ್ಟರು. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ಸಿಎಂಆರ್ ಅಂತ ಖಚಿತ ಮಾಡಿಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು.

ಪ್ರಶ್ನೆ: ತೀರ್ಥಹಳ್ಳಿಯಿಂದ. ಮನೆಗೆಲ್ಲ ಇನ್ವರ್ಟರ್ ಇದೆ. ಕಂಪ್ಯೂಟರಿಗೆ ಬೇರೆ ಯುಪಿಎಸ್ ಯಾಕೆ?

ಕರೆಂಟ್ ಇಲ್ಲದೆ ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಪೂರ್ತಿ ಲೋಡಿನಲ್ಲಿ ತಡೆದುಕೊಳ್ಳುವುದು 12ರಿಂದ 17 ಮಿಲಿಸೆಕೆಂಡ್. ಸಾದಾ ಇನ್ವರ್ಟರ್ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳಬಹುದು. ರೇಡ್ 5ರಲ್ಲಿ ಡೇಟಾ ಬರೆದು ಪ್ಯಾರಿಟಿ ಬರೆಯುವ ಮೊದಲೇ ಕರೆಂಟ್ ಹೋದರೆ ಎರಡಕ್ಕೂ ತಾಳೆಯಾಗುವುದಿಲ್ಲ, ಮತ್ತು ಅದು ನಿಮಗೆ ಗೊತ್ತಾಗುವುದು ಮುಂದೊಂದು ದಿನ ಡಿಸ್ಕ್ ಹೋದಾಗ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದನ್ನು ಹಾಕಿ, ಆದರೂ ಕಂಪ್ಯೂಟರಿಗೆ ಒಂದು ಸಣ್ಣ ಯುಪಿಎಸ್ ಇರಲಿ. ಅದು ಬರುವವರೆಗೆ ಇಂಟೆಲ್ ಸಾಫ್ಟ್‌ವೇರ್‌ನಲ್ಲಿ ರೈಟ್-ಬ್ಯಾಕ್ ಕ್ಯಾಷ್ (ಬರೆಯಬೇಕಾದದ್ದನ್ನು ಮೊದಲು ಮೆಮೊರಿಯಲ್ಲಿಟ್ಟು ಆಮೇಲೆ ಡಿಸ್ಕಿಗೆ ಹಾಕುವ ವ್ಯವಸ್ಥೆ) ಆಫ್ ಮಾಡಿಡಿ, ಸ್ವಲ್ಪ ನಿಧಾನವಾದರೂ ಪರವಾಗಿಲ್ಲ. ಯುಪಿಎಸ್ ಕೊಳ್ಳುವಾಗ ಹಿಂದೆ ಯುಎಸ್‌ಬಿ ಕಿಂಡಿ ಇರುವುದನ್ನೇ ಕೇಳಿ, ಆ ಕೇಬಲ್ಲನ್ನು ಕಂಪ್ಯೂಟರಿಗೆ ಹಾಕಿ, ಬ್ಯಾಟರಿ ಅರ್ಧಕ್ಕೆ ಬಂದಾಗ ವಿಂಡೋಸ್ ತಾನೇ ಶಟ್‌ಡೌನ್ ಆಗುವ ಹಾಗೆ ಹೊಂದಿಸಿ. ಮಳೆಗಾಲದಲ್ಲಿ ನೀವು ತೋಟದಲ್ಲಿದ್ದಾಗ ಕರೆಂಟ್ ಹೋದರೆ ಮನೆಯಲ್ಲಿ ಅದನ್ನು ಆಫ್ ಮಾಡುವವರು ಯಾರೂ ಇರುವುದಿಲ್ಲ.